ಕುತ್ತಿಗೆ ಆಪರೇಷನ್ ಆಗಿ ವರ್ಷ ಕಳೆದ್ರೂ ನೋವು ಯಾಕೆ ಹೋಗಲ್ಲ? ಗಾಯಾಳುಗಳು, ಮನೆಯವರು, ಕೆಲಸ ಕೊಡೋರು ತಿಳಿಯಬೇಕಾದ್ದು

ತಿಪಟೂರು: ತೆಂಗಿನ ಮರದಿಂದ ಬಿದ್ದವರು, ಹೈವೇಯಲ್ಲಿ ಬೈಕ್ ಸ್ಕಿಡ್ ಆಗಿ ತಲೆ ಕೆಳಗಾದವರು, ಮೂಟೆ ಹೊತ್ತು ಲಾರಿ ಹಲಗೆ ಮೇಲೆ ಜಾರಿದವರು. ತಾಲೂಕಿನ ಯಾವ ಊರಿಗೆ ಹೋದರೂ ಇಂಥವರು ಒಬ್ಬಿಬ್ಬರು ಸಿಗ್ತಾರೆ. ತುಮಕೂರಲ್ಲೋ ಬೆಂಗಳೂರಲ್ಲೋ ಕುತ್ತಿಗೆ ಆಪರೇಷನ್ ಆಗಿರುತ್ತೆ. ಕೊರಳ ಮುಂಭಾಗದಲ್ಲಿ ಬೆರಳುದ್ದದ ಗೆರೆ, ಕೆಲವು ವಾರ ಕಾಲರ್, ಆಮೇಲೆ ಎಲ್ಲರಂತೆ ಓಡಾಟ. ನೋಡೋಕೆ ಏನೂ ಆಗಿಲ್ಲ ಅನ್ನಿಸುತ್ತೆ.

ಆದರೆ ಅವರ ಮಟ್ಟಿಗೆ ನೋವು ಹೋಗಿರಲ್ಲ. ಬೆಳಿಗ್ಗೆ ಎದ್ದಾಗ ಕುತ್ತಿಗೆ ಹಲಗೆಯಂತಾಗಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಭುಜದ ಮೇಲೆ ಯಾರೋ ಕೂತಂಗೆ ಭಾರ, ಸಂಜೆಗೆ ತಲೆಯ ಹಿಂಭಾಗದಿಂದ ಹಣೆವರೆಗೂ ಸೆಳೆತ. "ಆಪರೇಷನ್ ಆಯ್ತಲ್ಲ, ಇನ್ನೇನು ನೋವು?" ಅನ್ನೋದು ಊರಿನವರ ಮಾತು. ಕೆಲಸಕ್ಕೆ ಹೋಗೋಕೆ ಸೋಮಾರಿತನ ಅಂತ ಬೆನ್ನ ಹಿಂದೆ ಆಡಿಕೊಳ್ಳೋದೂ ಉಂಟು. ಮನೆಯವರಿಗೆ ಬೇರೆ ಅನುಮಾನ: ಡಾಕ್ಟರ್ ಸರಿಯಾಗಿ ಮಾಡಲಿಲ್ವೇನೋ, ಇನ್ನೊಂದು ಆಪರೇಷನ್ ಬೇಕೇನೋ.

ಬಹಳಷ್ಟು ಕೇಸುಗಳಲ್ಲಿ ಎರಡೂ ನಿಜ ಅಲ್ಲ. ಆಪರೇಷನ್ ಮಾಡಬೇಕಾದ ಕೆಲಸ ಮಾಡಿದೆ, ರೋಗಿಯೂ ನಾಟಕ ಮಾಡ್ತಿಲ್ಲ. ಇದು ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ ಆ ಆಪರೇಷನ್ ಯಾತಕ್ಕೆ ಮಾಡ್ತಾರೆ ಅನ್ನೋದನ್ನ ಮೊದಲು ನೋಡಬೇಕು.

ಏಳು ಮೂಳೆ, ಐದು ಕೆಜಿ ತಲೆ

ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಡಾಕ್ಟರುಗಳು ಇವನ್ನು ಸಿ1ರಿಂದ ಸಿ7 ಅಂತ ಕರೀತಾರೆ. ಮೇಲಿನ ಎರಡರ ನಡುವೆ ಬಿಟ್ಟರೆ ಉಳಿದ ಮೂಳೆಗಳ ನಡುವೆ ಮೆತ್ತನೆಯ ಡಿಸ್ಕ್ ಇರುತ್ತೆ. ಇದರ ಮೇಲೆ ಕೂತಿರೋದು 4ರಿಂದ 5 ಕೆಜಿ ತೂಕದ ತಲೆ. ನೆಟ್ಟಗೆ ಇದ್ದಾಗ ಭಾರ ಮೂಳೆಗಳ ಮೇಲೆ ಇಳಿಯುತ್ತೆ. ಮೊಬೈಲ್ ನೋಡೋಕೆ ಬಗ್ಗಿದರೆ ಅಷ್ಟೂ ಭಾರ ಹಿಡಿದು ನಿಲ್ಲಿಸೋ ಕೆಲಸ ಕತ್ತಿನ ಹಿಂದಿನ ಸ್ನಾಯುಗಳಿಗೆ ಬೀಳುತ್ತೆ.

ಮೂಳೆಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತೆ. ಅದರಿಂದ ಕವಲೊಡೆದ ನರಗಳು ಎರಡೂ ಕೈಗೆ ಹೋಗ್ತವೆ. ಪೆಟ್ಟು ಬಿದ್ದು ಡಿಸ್ಕ್ ಆಚೆ ಬಂದು ಒಂದು ನರ ಒತ್ತಿದರೆ ಭುಜದಿಂದ ಬೆರಳ ತುದಿವರೆಗೂ ಕರೆಂಟ್ ಹೊಡೆದಂಗೆ ನೋವು, ಜೋಮು. ಎಂಆರ್‌ಐ ರಿಪೋರ್ಟಿನಲ್ಲಿ ಸಿ5–ಸಿ6, ಸಿ6–ಸಿ7 ಅಂತ ಬರೆದಿರೋದು ಜಾಸ್ತಿ, ಯಾಕಂದ್ರೆ ಹೆಚ್ಚು ಬಗ್ಗೋ ಜಾಗ ಅದೇ. ಹೆಬ್ಬೆರಳ ಕಡೆ ಜೋಮಿದ್ದರೆ ಸಾಮಾನ್ಯವಾಗಿ ಸಿ6 ನರ, ನಡುಬೆರಳಾದರೆ ಸಿ7, ಕಿರುಬೆರಳಾದರೆ ಸಿ8. ಒತ್ತಡ ನರ ಬಿಟ್ಟು ಬೆನ್ನುಹುರಿ ಮೇಲೇ ಬಿದ್ದರೆ ವಿಷಯ ಗಂಭೀರ. ನಡಿಗೆ ತಪ್ಪುತ್ತೆ, ಶರ್ಟ್ ಗುಂಡಿ ಹಾಕೋಕಾಗಲ್ಲ, ಮೂತ್ರದ ಹಿಡಿತ ಹೋಗಬಹುದು.

ಆಪರೇಷನ್ ಮಾಡೋದು ಈ ಒತ್ತಡ ತೆಗೆಯೋಕೆ, ಅಥವಾ ಮುರಿದು ಅಲುಗಾಡುವ ಮೂಳೆಯನ್ನು ಭದ್ರ ಮಾಡೋಕೆ. ಹೆಚ್ಚಾಗಿ ಕೊರಳ ಮುಂಭಾಗದಿಂದ ಹೋಗ್ತಾರೆ. ಅಲ್ಲಿ ಸ್ನಾಯುಗಳನ್ನು ಹೆಚ್ಚು ಕೊಯ್ಯದೆ ಪಕ್ಕಕ್ಕೆ ಸರಿಸಿಕೊಂಡೇ ಮೂಳೆ ತಲುಪಬಹುದು. ಹಾಳಾದ ಡಿಸ್ಕ್ ತೆಗೆದು, ಆ ಜಾಗಕ್ಕೆ ಮೂಳೆ ತುಂಡು ಅಥವಾ ಕೇಜ್ ಇಟ್ಟು, ಮೇಲೆ ಪ್ಲೇಟ್, ಸ್ಕ್ರೂ ಹಾಕ್ತಾರೆ. ಮುಂದಿನ ತಿಂಗಳುಗಳಲ್ಲಿ ಮೇಲಿನ ಮೂಳೆ ಕೆಳಗಿನ ಮೂಳೆ ಬೆಸೆದು ಒಂದಾಗಬೇಕು. ಮೊದಲ ಕೆಲವು ವಾರ ನುಂಗೋಕೆ ಕಷ್ಟ, ಗಂಟಲು ಒಡೆದಂಗೆ ಧ್ವನಿ ಇರಬಹುದು, ಬಹಳ ಜನಕ್ಕೆ ತಾನಾಗೇ ಸರಿಹೋಗುತ್ತೆ. ಬೀಡಿ, ಸಿಗರೇಟ್ ಸೇದೋರಿಗೆ ಮೂಳೆ ಬೆಸೆಯೋದು ತಡವಾಗುತ್ತೆ, ಕೆಲವರಿಗೆ ಬೆಸೆಯೋದೇ ಇಲ್ಲ. ಡಿಸ್ಚಾರ್ಜ್ ದಿನ ಡಾಕ್ಟರ್ ಈ ಮಾತು ಹೇಳಿದರೂ ಆಸ್ಪತ್ರೆ ಗೇಟ್ ದಾಟಿದ ಮೇಲೆ ನೆನಪಿಟ್ಟುಕೊಳ್ಳೋರು ಕಮ್ಮಿ.

ಈಗ ಮುಖ್ಯ ವಿಷಯ. ನರದ ಮೇಲಿನ ಒತ್ತಡ ಹೋದರೆ ಕೈ ನೋವು ಕಮ್ಮಿಯಾಗೋ ಸಾಧ್ಯತೆ ಚೆನ್ನಾಗಿರುತ್ತೆ. ಕುತ್ತಿಗೆ ನೋವಿನ ಬಗ್ಗೆ ಅಷ್ಟು ಧೈರ್ಯವಾಗಿ ಹೇಳೋಕಾಗಲ್ಲ. ಬಿದ್ದ ದಿನ ಪೆಟ್ಟಾಗಿದ್ದು ಡಿಸ್ಕ್‌ಗೆ ಮಾತ್ರ ಅಲ್ಲ. ಸ್ನಾಯು, ಮೂಳೆ ಹಿಡಿದಿರೋ ಪಟ್ಟಿಗಳು, ಹಿಂಭಾಗದ ಸಣ್ಣ ಕೀಲುಗಳು ಎಲ್ಲಕ್ಕೂ ಏಟಾಗಿರುತ್ತೆ. ಅವನ್ನು ಪ್ಲೇಟ್ ಸ್ಕ್ರೂ ಸರಿ ಮಾಡಲ್ಲ. ಎರಡು ಮೂಳೆ ಬೆಸೆದ ಮೇಲೆ ಅಲ್ಲಿ ಬಗ್ಗೋದು ನಿಲ್ಲುತ್ತೆ, ಆ ಕೆಲಸ ಮೇಲಿನ ಕೆಳಗಿನ ಕೀಲುಗಳಿಗೆ ಬೀಳುತ್ತೆ. ಕತ್ತಿನ ಹಿಂಭಾಗದಿಂದ ಆಪರೇಷನ್ ಆಗಿದ್ದರಂತೂ ಸ್ನಾಯು ಬಿಡಿಸಿಯೇ ಒಳಗೆ ಹೋಗಿರ್ತಾರೆ, ಅದು ಚೇತರಿಸಿಕೊಳ್ಳೋಕೆ ಇನ್ನೂ ಸಮಯ ಬೇಕು.

ಹಾಗಾಗಿ ಇನ್ನೂ ಆಪರೇಷನ್ ಆಗದವರು ಸಹಿ ಹಾಕೋ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಸರ್, ಇದು ಕೈ ನೋವಿಗಾ, ಕುತ್ತಿಗೆ ನೋವಿಗಾ, ಇಲ್ಲಾ ಕೈಕಾಲಿನ ಶಕ್ತಿ ಉಳಿಸೋಕಾ?" ಉತ್ತರ ಮೊದಲೇ ಗೊತ್ತಿದ್ದರೆ ಆಮೇಲಿನ ನಿರಾಸೆ ಅರ್ಧ ಕಮ್ಮಿ.

ಕಳ್ಳ ಹೋದ್ರೂ ಬೊಗಳೋ ನಾಯಿ

ಗಾಯ ಒಣಗಿದೆ, ಮೂಳೆ ಬೆಸೆದಿದೆ, ಹೊಸ ಎಂಆರ್‌ಐನಲ್ಲಿ ನರ ಫ್ರೀ ಇದೆ. ಆದರೂ ನೋವು. ಇದಕ್ಕೆ ಇನ್ನೊಂದು ಕಾರಣವೂ ಇದೆ.

ನೋವು ಅನ್ನೋದು ದೇಹದ ಕಾವಲು ನಾಯಿ ಇದ್ದಂಗೆ. ಒಮ್ಮೆ ತೋಟಕ್ಕೆ ಕಳ್ಳ ನುಗ್ಗಿದ ಮೇಲೆ ನಾಯಿ ಗರಿ ಬಿದ್ದ ಸದ್ದಿಗೂ ಬೊಗಳೋಕೆ ಶುರು ಮಾಡುತ್ತೆ. ಕಳ್ಳ ಇಲ್ಲ, ಬೊಗಳೋದು ಮಾತ್ರ ನಿಜ. ದೊಡ್ಡ ಪೆಟ್ಟು, ತಿಂಗಳುಗಟ್ಟಲೆ ನೋವು, ನಿದ್ದೆಯಿಲ್ಲದ ರಾತ್ರಿ ಇವೆಲ್ಲ ಸೇರಿ ನರಮಂಡಲವೂ ಹಾಗೇ ಆಗಿಬಿಡುತ್ತೆ. ಮೊದಲು ಗೊತ್ತೇ ಆಗದಿದ್ದ ಸಣ್ಣ ಸೆಳೆತವೂ ಈಗ ನೋವಾಗಿ ಕೇಳಿಸುತ್ತೆ. 3 ತಿಂಗಳು ದಾಟಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಅಂತಲೇ ಬೇರೆ ಮಾಡಿ ನೋಡುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗಾಯ ಅಥವಾ ಆಪರೇಷನ್ ನಂತರ ಉಳಿಯೋ ನೋವಿಗೆ ಪ್ರತ್ಯೇಕ ಜಾಗವೇ ಇದೆ. ಅಂದ್ರೆ ಇದು ಮನಸ್ಸಿನ ಭ್ರಮೆ ಅಲ್ಲ.

ನಾಯಿಯನ್ನು ಹೊಡೆದು ಸುಮ್ಮನಿರಿಸೋಕಾಗಲ್ಲ, ನಿಧಾನವಾಗಿ ನಂಬಿಕೆ ಹುಟ್ಟಿಸಬೇಕು. ನೋವಿನ ವಿಷಯದಲ್ಲೂ ದಾರಿ ಅದೇ.

ಒಳ್ಳೆ ದಿನವೇ ಅಪಾಯ

ಇಂಥ ನೋವಿರೋರು ಬೀಳೋ ದೊಡ್ಡ ಹಳ್ಳ ಅಂದ್ರೆ ಒಳ್ಳೆ ದಿನ. ಬೆಳಿಗ್ಗೆ ಕುತ್ತಿಗೆ ಹಗುರ ಅನ್ನಿಸಿತು ಅಂತ ಬಾಕಿ ಉಳಿದಿದ್ದ ಕಾಯಿ ಎಲ್ಲ ಸುಲಿದುಬಿಡೋದು, ಅಂಗಡಿ ಸ್ಟಾಕ್ ಪೂರ್ತಿ ಜೋಡಿಸಿಬಿಡೋದು. ಮಾರನೇ ದಿನದಿಂದ ಮೂರು ದಿನ ಮಂಚ. ಮತ್ತೆ ಒಂದು ಒಳ್ಳೆ ದಿನ, ಮತ್ತೆ ಅದೇ ಕಥೆ. ಹೀಗೆ ಆದಾಗೆಲ್ಲ ಸ್ನಾಯು ಸೋಲುತ್ತೆ, ಹೆದರಿಕೆ ಬೆಳೆಯುತ್ತೆ.

ಇದಕ್ಕೆ ಉಪಾಯ ಗಡಿಯಾರ. ನೋವು ಬಂದಾಗ ನಿಲ್ಲಿಸೋದಲ್ಲ, ನೋವು ಬರೋ ಮುಂಚೆ ನಿಲ್ಲಿಸೋದು. ಕೂತು ಮಾಡೋ ಕೆಲಸ 30 ನಿಮಿಷಕ್ಕೆ ನೋವಾಗುತ್ತೆ ಅಂತ ಗೊತ್ತಿದ್ದರೆ 20 ನಿಮಿಷಕ್ಕೆ ಏಳಬೇಕು, ಎರಡು ನಿಮಿಷ ಓಡಾಡಿ ಮತ್ತೆ ಕೂರಬೇಕು. ಒಳ್ಳೆ ದಿನವೂ ಅಷ್ಟೇ, ಕೆಟ್ಟ ದಿನವೂ ಸಾಧ್ಯವಾದಷ್ಟು ಅಷ್ಟೇ. ವಾರಕ್ಕೆ ಒಂದೆರಡು ನಿಮಿಷ ಜಾಸ್ತಿ ಮಾಡ್ತಾ ಹೋಗಬಹುದು. ಹೇಳೋಕೆ ಸುಲಭ, ಗಿರಾಕಿ ಎದುರಿಗೆ ನಿಂತಾಗ ಕಷ್ಟ. ಆದರೂ ಔಷಧಿಗಿಂತ ಇದರಿಂದಲೇ ಹೆಚ್ಚು ದಿನ ಉಳಿಸಿಕೊಂಡವರಿದ್ದಾರೆ.

ಅಂಗಡಿಯವರಿಗೆ ಕುತ್ತಿಗೆ ನೋವು ಕೊಡೋದರಲ್ಲಿ ಮೊದಲನೇದು ಶಟರ್. ತುಕ್ಕು ಹಿಡಿದ ರೋಲಿಂಗ್ ಶಟರನ್ನು ಬೆಳಿಗ್ಗೆ ತಣ್ಣಗಿರೋ ಮೈಯಲ್ಲಿ ಜಗ್ಗಿ ಎತ್ತೋದು ಆಪರೇಷನ್ ಆದ ಕುತ್ತಿಗೆಗೆ ಕೆಟ್ಟ ಕೆಲಸ. ಗ್ರೀಸ್ ಹಾಕಿಸಿ, ಪಕ್ಕದ ಅಂಗಡಿಯವರನ್ನು ಒಂದು ಕೈ ಕರೆಯಿರಿ, ನಾಚಿಕೆ ಬೇಡ. ಎರಡನೇದು ಭುಜಕ್ಕೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಸಾಮಾನು ಕಟ್ಟೋದು. ಜಾಸ್ತಿ ಹೋಗೋ ಸರಕು ಎದೆ ಮಟ್ಟದ ಶೆಲ್ಫಿಗೆ ಬರಲಿ, ತಲೆ ಹಿಂದಕ್ಕೆ ಬಾಗಿಸಿ ನೋಡಬೇಕಾದ ಜಾಗದಲ್ಲಿ ಅಪರೂಪಕ್ಕೆ ಹೋಗೋದು ಇರಲಿ. ಟೈಲರುಗಳು, ಮೊಬೈಲ್ ರಿಪೇರಿ ಮಾಡೋರು ಕೆಲಸವನ್ನು ಕಣ್ಣಿನ ಹತ್ತಿರಕ್ಕೆ ಎತ್ತಿಕೊಳ್ಳಬೇಕು, ಕಣ್ಣನ್ನು ಕೆಲಸದ ಹತ್ತಿರಕ್ಕೆ ಬಗ್ಗಿಸಬಾರದು. ಮೇಜಿನ ಕಾಲಿಗೆ ಎರಡು ಇಟ್ಟಿಗೆ ಕೊಟ್ಟರೆ ಆಯ್ತು.

ಮನೆಯಲ್ಲಿ ಹೆಂಗಸರಿಗೆ ತಲೆ ಮೇಲಿನ ಹುಲ್ಲಿನ ಹೊರೆ, ನೀರಿನ ಕೊಡ. ಇದನ್ನು ಪೂರ್ತಿ ಬಿಡಲೇಬೇಕು, ಅದರಲ್ಲಿ ರಾಜಿ ಇಲ್ಲ. ಒಂದು ದೊಡ್ಡ ಕೊಡದ ಬದಲು ಎರಡು ಕೈಗೂ ಸಮವಾಗಿ ಎರಡು ಸಣ್ಣ ಬಕೆಟ್ ಆಗಬಹುದು, ಅದೂ ಡಾಕ್ಟರ್ ಭಾರ ಎತ್ತಬಹುದು ಅಂದ ಮೇಲೆ.

ಮಲಗುವಾಗ ಬೋರಲು ಬೇಡ, ಕತ್ತು ರಾತ್ರಿಯೆಲ್ಲ ಒಂದೇ ಕಡೆ ತಿರುಗಿರುತ್ತೆ. ಅಂಗಾತ ಮಲಗೋರಿಗೆ ತೆಳು ದಿಂಬು, ಕತ್ತಿನ ಕೆಳಗೆ ಸುತ್ತಿದ ಟವೆಲ್. ಮಗ್ಗುಲಾಗಿ ಮಲಗೋರಿಗೆ ಭುಜದ ಎತ್ತರ ತುಂಬುವಷ್ಟು ದಿಂಬು. ಸಾವಿರಾರು ರೂಪಾಯಿಯ ದಿಂಬು ತಂದವರಿಗೆಲ್ಲ ನೋವು ಹೋಗಿಲ್ಲ.

ಬೈಕಿನ ವಿಷಯದಲ್ಲಿ ಒಂದು ತಪ್ಪು ಲೆಕ್ಕ ಓಡಾಡ್ತಿದೆ: ಕುತ್ತಿಗೆ ನೋವು, ಅದಕ್ಕೇ ಹೆಲ್ಮೆಟ್ ಹಾಕಲ್ಲ ಅನ್ನೋದು. ಒಮ್ಮೆ ಬೆಸೆದ ಕುತ್ತಿಗೆಗೆ ಎರಡನೇ ಪೆಟ್ಟು ಬಿದ್ದರೆ ಏನಾಗಬಹುದು ಅಂತ ಯೋಚಿಸಿದರೆ ಸಾಕು. ಹಗುರವಾದ ಐಎಸ್‌ಐ ಹೆಲ್ಮೆಟ್ ತಗೊಳ್ಳಿ, ಇಲ್ಲವೇ ಬೈಕ್ ಬಿಡಿ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ. ಬೆಂಗಳೂರಿಗೆ ಚೆಕಪ್‌ಗೆ ಹೋಗೋರು ರೈಲು ಹತ್ತಿದರೆ ಹಂಪ್‌ಗಳ ಕಾಟ ತಪ್ಪುತ್ತೆ.

ಕಾಲರ್ ಬಗ್ಗೆಯೂ ಹೇಳಬೇಕು. ಡಾಕ್ಟರ್ ಹೇಳಿದಷ್ಟು ದಿನ ಹಾಕಲೇಬೇಕು. ಆದರೆ ಅವರು ಬಿಡಿ ಅಂದ ಮೇಲೂ ವರ್ಷಗಟ್ಟಲೆ ಹಾಕಿಕೊಂಡು ಓಡಾಡಿದರೆ ಕತ್ತಿನ ಸ್ನಾಯು ಕೆಲಸ ಮರೆಯುತ್ತೆ, ನೋವು ಹೆಚ್ಚುತ್ತೆ. ಮೂಳೆ ಬೆಸೆದಿದೆ ಅಂತ ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಿದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಕತ್ತು, ಭುಜದ ವ್ಯಾಯಾಮ ಕಲಿತು, ದಿನಾ ಮನೆಯಲ್ಲೇ ಮಾಡಬೇಕು. ಯೂಟ್ಯೂಬ್ ನೋಡಿ ಬೇಡ, ಯಾಕಂದ್ರೆ ಆ ವಿಡಿಯೋದವರಿಗೆ ನಿಮ್ಮ ಕತ್ತಿನಲ್ಲಿ ಪ್ಲೇಟ್ ಇರೋದು ಗೊತ್ತಿಲ್ಲ. ಇದರ ಜೊತೆಗೆ ನಡಿಗೆ. ಕೆರೆ ಏರಿ ಮೇಲೆ ದಿನಾ ಅರ್ಧ ಗಂಟೆ ನಡೆಯೋದಕ್ಕೆ ಖರ್ಚಿಲ್ಲ.

ಮೆಡಿಕಲ್ ಶಾಪ್, ಪುಡಿ ಪೊಟ್ಟಣ, ಕಟಿಂಗ್ ಶಾಪ್

ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ನೋವಿನ ಮಾತ್ರೆ ತಗೊಂಡು ನುಂಗೋದು ಎಲ್ಲ ಕಡೆ ಇದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದ ಮಾತ್ರೆಗಳು ನಾಲ್ಕೈದು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು, ಬಿಪಿ ಏರಿಕೆ. ಶುಗರ್, ಬಿಪಿ ಇರೋರು ಇನ್ನೂ ಹುಷಾರಾಗಿರಬೇಕು. ಹಳೇ ನೋವಿಗೆ ಇವು ಕೆಲಸ ಮಾಡೋದೂ ಅಷ್ಟಕ್ಕಷ್ಟೇ.

ನರದ ನೋವಿಗೆ ಡಾಕ್ಟರುಗಳು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬರೀತಾರೆ. ಮಂಪರು, ತಲೆಸುತ್ತು ಬರಬಹುದು, ಶುರುವಿನಲ್ಲಿ ಗಾಡಿ ಓಡಿಸಬಾರದು, ಮರ ಹತ್ತೋದಂತೂ ಬೇಡವೇ ಬೇಡ. ಒಮ್ಮೆಲೇ ನಿಲ್ಲಿಸಲೂಬಾರದು. ಅಮಿಟ್ರಿಪ್ಟಿಲಿನ್ ಅನ್ನೋ ಮಾತ್ರೆಯನ್ನು ರಾತ್ರಿ ಹೊತ್ತು ಕಡಿಮೆ ಡೋಸಿನಲ್ಲಿ ಕೊಡೋದುಂಟು. ಮೊಬೈಲಿನಲ್ಲಿ ಹುಡುಕಿ ನೋಡಿ "ಇದು ತಲೆ ಕೆಟ್ಟವರಿಗೆ ಕೊಡೋದು" ಅಂತ ಬಿಸಾಕೋರಿದ್ದಾರೆ. ಖಿನ್ನತೆಗೂ ಅದನ್ನು ಕೊಡ್ತಾರೆ ನಿಜ, ಅಲ್ಲಿ ಡೋಸ್ ಜಾಸ್ತಿ. ನರದ ನೋವಿಗೆ, ನಿದ್ದೆಗೆ ಅದು ಹಳೇ ಔಷಧಿ.

ಹೆಸರಿಲ್ಲದ ಪುಡಿ ಪೊಟ್ಟಣ, ಲೇಬಲ್ ಇಲ್ಲದ ಮಾತ್ರೆ ಕೊಡೋ ಕಡೆ ಎರಡೇ ದಿನಕ್ಕೆ ಪೂರ್ತಿ ಆರಾಮಾದರೆ ಖುಷಿಪಡೋ ಮೊದಲು ಅನುಮಾನಪಡಬೇಕು. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರೋ ಸಾಧ್ಯತೆ ಇದೆ. ದಿನಗಟ್ಟಲೆ ತಗೊಂಡರೆ ಶುಗರ್ ಏರುತ್ತೆ, ಮೂಳೆ ಟೊಳ್ಳಾಗುತ್ತೆ. ಸ್ಕ್ರೂ ಹಿಡಿದಿರೋದು ಅದೇ ಮೂಳೆಯಲ್ಲಿ.

ಇನ್ನು ಕಟಿಂಗ್ ಶಾಪಿನಲ್ಲಿ ತಲೆ ಮಸಾಜ್ ಆದ ಮೇಲೆ ಗಲ್ಲ ಹಿಡಿದು ಟಕ್ ಅಂತ ನಟಿಕೆ ತೆಗೆಯೋದು. ಗಟ್ಟಿ ಕುತ್ತಿಗೆಯವರಿಗೂ ಇದು ಅಪಾಯ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕತ್ತು ತಿರುಗಿಸಿದ ಮೇಲೆ ಕೊರಳಿನ ರಕ್ತನಾಳ ಹರಿದು ಪಾರ್ಶ್ವವಾಯು ಆಗಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆಪರೇಷನ್ ಆದವರು ಕುರ್ಚಿಯಲ್ಲಿ ಕೂರೋ ಮೊದಲೇ "ಕತ್ತು ಮುಟ್ಟಬೇಡಿ ಅಣ್ಣ" ಅಂತ ಹೇಳಿಬಿಡಬೇಕು. ಕಟಿಂಗ್ ಶಾಪಿನವರೂ ಕೊರಳಲ್ಲಿ ಗೆರೆ ಕಂಡರೆ ತಾವಾಗೇ ಬಿಟ್ಟರೆ ಒಳ್ಳೇದು.

ಕಾರ್ಡ್ ಆಪರೇಷನ್ನಿಗೆ ಉಂಟು, ನೋವಿಗೆ ಇಲ್ಲ

ಇಲ್ಲಿ ನಿಜವಾದ ಕಷ್ಟ ಇರೋದು ದುಡ್ಡಿನ ವಿಷಯದಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ರೂ. ಮಿತಿ. ಆದರೆ ಈ ಯೋಜನೆಯ ಬಲ ಇರೋದು ಅಡ್ಮಿಟ್ ಆದಾಗ. ಆಮೇಲಿನ ತಿಂಗಳುಗಳ ಫಿಸಿಯೋಥೆರಪಿ, ಮಾತ್ರೆ, ಬಸ್ ಚಾರ್ಜು, ಹೋದ ಕೂಲಿ ಎಲ್ಲ ಕೈಯಿಂದಲೇ. ಹಾಗಾಗಿ ಚೆಕಪ್‌ಗೆ ಹೋದಾಗ ನಾಲ್ಕು ವ್ಯಾಯಾಮ ಪೂರ್ತಿ ಕಲಿತು, ಮನೆಯವರ ಮೊಬೈಲಿನಲ್ಲಿ ವಿಡಿಯೋ ಮಾಡಿಸಿಕೊಂಡು ಬರೋದು ಜಾಣತನ. ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗವನ್ನೂ ಕೇಳಿ ನೋಡಬೇಕು.

ಅಂಗವಿಕಲರ ಕಾರ್ಡ್ ಸಿಗುತ್ತಾ ಅಂತ ಕೇಳೋರು ಬಹಳ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ನೋವು ಅನ್ನೋದೇ ಒಂದು ಬಗೆಯಾಗಿ ಅದರಲ್ಲಿಲ್ಲ. ಕತ್ತು ಎಷ್ಟು ತಿರುಗುತ್ತೆ, ಕೈಕಾಲಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಅನ್ನೋದರ ಮೇಲೆ ಡಾಕ್ಟರುಗಳು ಶೇಕಡಾವಾರು ಕೊಡ್ತಾರೆ. ಬಹುತೇಕ ಸೌಲಭ್ಯಕ್ಕೆ ಶೇ. 40 ಬೇಕು. ನರಕ್ಕೆ ಏಟಾಗಿ ಕೈ ಬಲ ಕಳೆದುಕೊಂಡವರು ಯುಡಿಐಡಿಗೆ ಅರ್ಜಿ ಹಾಕಬೇಕು. ಬರೀ ನೋವಿರೋರಿಗೆ ಶೇ. 40 ಮುಟ್ಟೋದು ಕಷ್ಟ, ಇದನ್ನು ಮೊದಲೇ ತಿಳಿದಿದ್ದರೆ ಏಜೆಂಟರ ಕೈಗೆ ದುಡ್ಡು ಕೊಡೋದು ತಪ್ಪುತ್ತೆ.

ರಸ್ತೆ ಅಪಘಾತವಾಗಿದ್ದರೆ ಪರಿಹಾರದ ದಾರಿ ಬೇರೆ. 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯಲ್ಲಿ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತಿದೆ. "ಗುಣ ಆಗಲಿ, ಆಮೇಲೆ ನೋಡೋಣ" ಅಂತ ಕೂತವರಿಗೆ ಕೋರ್ಟಿನಲ್ಲಿ ತಲೆನೋವು ಜಾಸ್ತಿ. ಎಫ್‌ಐಆರ್, ಎಂಎಲ್‌ಸಿ, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ, ಎಂಆರ್‌ಐ ಫಿಲ್ಮ್, ಮೆಡಿಕಲ್ ಬಿಲ್ ಒಂದು ಫೈಲಿನಲ್ಲಿ ಇರಲಿ. ಇನ್ನೊಂದು ಮಾತು ಲಾಯರ್ ಹತ್ತಿರ ಕೇಳಲೇಬೇಕು. ಗಾಯದ ಶೇಕಡಾವಾರು ಮಾತ್ರ ನೋಡಬಾರದು, ಆ ಗಾಯದಿಂದ ಆ ಮನುಷ್ಯನ ದುಡಿಮೆಗೆ ಎಷ್ಟು ಪೆಟ್ಟಾಯಿತು ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಹೇಳಿದೆ. ಕತ್ತು ಅರ್ಧ ಮಾತ್ರ ತಿರುಗೋದು ಆಫೀಸಿನಲ್ಲಿ ಕೂತವರಿಗೆ ಒಂದು ಥರ, ಮರ ಹತ್ತೋರಿಗೆ, ಲಾರಿ ಓಡಿಸೋರಿಗೆ ಇನ್ನೊಂದು ಥರ. ಹಮಾಲರು, ಕಟ್ಟಡ ಕೆಲಸದವರು ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಿದ್ದರೆ ಅಲ್ಲಿನ ಅಪಘಾತ ಸೌಲಭ್ಯಗಳನ್ನೂ ವಿಚಾರಿಸಬೇಕು. ಬಿದ್ದ ಮೇಲೆ ನೋಂದಣಿ ಮಾಡಿಸಿ ಪ್ರಯೋಜನವಿಲ್ಲ.

ಕೆಲಸ ಕೊಡೋರ ಕೈಯಲ್ಲೂ ಸ್ವಲ್ಪ ಇದೆ. ಸಿಮೆಂಟ್ ಮೂಟೆ 50 ಕೆಜಿ, ಯೂರಿಯಾ ಮೂಟೆ 45 ಕೆಜಿ. ಕುತ್ತಿಗೆ ಆಪರೇಷನ್ ಆದವರ ಹೆಗಲಿಗೆ ಇದನ್ನು ಹೊರಿಸೋ ಪ್ರಶ್ನೆಯೇ ಇಲ್ಲ. ಆದರೆ ಹತ್ತು ವರ್ಷ ಮಂಡಿಯಲ್ಲಿ ದುಡಿದವರಿಗೆ ಮಾಲಿನ ಗುಣ, ತೂಕ, ಪಾರ್ಟಿಗಳ ಪರಿಚಯ ಎಲ್ಲ ಇರುತ್ತೆ. ಲೆಕ್ಕ ಬರೆಯೋಕೆ, ತೂಕದ ಹತ್ತಿರ ನಿಲ್ಲೋಕೆ, ಲೋಡ್ ಎಣಿಸೋಕೆ ಅವರನ್ನು ಇಟ್ಟುಕೊಂಡರೆ ಇಬ್ಬರಿಗೂ ಅನುಕೂಲ. ನಡುನಡುವೆ ಐದು ನಿಮಿಷ ಎದ್ದು ಓಡಾಡಿದರೆ ಗೊಣಗಬಾರದು, ಅಷ್ಟೇ.

ರಾತ್ರಿ ನಿದ್ದೆಯಿಲ್ಲ, ದುಡಿಮೆಯಿಲ್ಲ, ಯಾರೂ ನಂಬಲ್ಲ. ಇಷ್ಟು ಸೇರಿದರೆ ಸಿಟ್ಟು, ಕುಡಿತ, ಜೀವ ಬೇಡ ಅನ್ನೋ ಯೋಚನೆ ಬರೋದು ಹೊಸದಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ. ಮನೆಯವರು "ನೋವು ಹೇಗಿದೆ" ಅಂತ ದಿನಕ್ಕೆ ಹತ್ತು ಸಲ ಕೇಳೋದಕ್ಕಿಂತ "ಇವತ್ತು ಏನೇನು ಮಾಡಿದ್ರಿ" ಅಂತ ಒಂದು ಸಲ ಕೇಳಿದರೆ ಮೇಲು.

ಯಾವಾಗ ತಡ ಮಾಡಬಾರದು

ಹಳೇ ನೋವಿನ ಜೊತೆ ಬದುಕೋರಿಗೆ ಹೊಸ ಅಪಾಯ ಗೊತ್ತಾಗದೇ ಹೋಗಬಹುದು. ಕೈಯಿಂದ ಲೋಟ ಜಾರೋಕೆ ಶುರುವಾದರೆ, ಗುಂಡಿ ಹಾಕೋಕೆ, ಚಿಲ್ಲರೆ ಎಣಿಸೋಕೆ ಬೆರಳು ತಡವರಿಸಿದರೆ, ನಡೆಯುವಾಗ ಕಾಲು ತೊಡರಿದರೆ, ಮೂತ್ರ–ಮಲದ ಹಿಡಿತ ತಪ್ಪಿದರೆ, ಜ್ವರದ ಜೊತೆ ಗಾಯದಲ್ಲಿ ಕೀವು ಬಂದರೆ, ನುಂಗೋಕೆ ಇಲ್ಲವೇ ಉಸಿರಾಡೋಕೆ ಹೊಸದಾಗಿ ಕಷ್ಟವಾದರೆ ಮುಂದಿನ ಚೆಕಪ್ ತಾರೀಖು ಕಾಯಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮತ್ತೆ ಬಿದ್ದು ಕುತ್ತಿಗೆಗೆ ಪೆಟ್ಟಾದರೆ ಎತ್ತಿ ಕೂರಿಸಿ ನೀರು ಕುಡಿಸೋಕೆ ಹೋಗಬೇಡಿ. ತಲೆ ಅಲುಗದಂತೆ ಎರಡೂ ಕಡೆ ಹಿಡಿದು, ಬಿದ್ದ ಜಾಗದಲ್ಲೇ ಮಲಗಿಸಿಟ್ಟು 108ಕ್ಕೆ ಫೋನ್ ಮಾಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗಬೇಡಿ.